ಶನಿವಾರದ ಸಾಹೇಬರೂ ಕೋಟೆಯ ಕಂಡಿಯೂ

ವಕೀಲನ ಮನೆ ಜಗಲಿಗೆ ಕಾನೂನು ಕೇಳಲು ಬರುವವರಿಗೆ ಹೊತ್ತುಗೊತ್ತು ಇರುವುದಿಲ್ಲ. ಹಲ್ಲುಜ್ಜುವಾಗಲೂ ಬರುತ್ತಾರೆ, ಉಣ್ಣುವಾಗಲೂ ಬರುತ್ತಾರೆ. ಹಾಗೆ ಬಂದವರಿಂದ ನನಗೆ ಫೀಸಿಗಿಂತ ನಗುವೇ ಹೆಚ್ಚು ಸಿಕ್ಕಿದೆ. ಆದರೆ ಜಗಲಿಗೆ ಬಂದು ನನಗೇ ಕಾನೂನು ಹೇಳಿಕೊಟ್ಟವರು ಒಬ್ಬರೇ, ಎದುರು ಮನೆಗೆ ಬಾಡಿಗೆಗೆ ಬಂದ ಫಿಟ್ಟರ್ ಸಾಹೇಬರು.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ನಾನು ಚಿತ್ರದುರ್ಗದ ಕೋರ್ಟಿನಲ್ಲಿ ಹೊಸ ಕರಿ ಕೋಟು ಹಾಕಿಕೊಂಡು ಹಳೇ ವಕೀಲರ ಮುಂದೆ ತಪ್ಪದೆ ಸೋಲುತ್ತಿದ್ದ ಕಾಲ. ಸಾಹೇಬರು ಊರಾಚೆಯ ಗಣಿಯಲ್ಲಿ ಯಂತ್ರ ರಿಪೇರಿಗೆಂದು ಮುಂಬೈ ಕಡೆಯಿಂದ ಬಂದಿದ್ದರು. ಯಹೂದಿಗಳು. ಮನೆಯಲ್ಲಿ ಹೆಂಡತಿ, ಇನ್ನೂ ನಡೆಯಲು ಬಾರದ ಕೂಸು. ತೋರಾ ಎಂಬ ಅವರ ಧರ್ಮಗ್ರಂಥ ಏನು ಹೇಳುತ್ತದೋ, ಅದಕ್ಕೆ ಹಿರಿಯರು ಏನು ಅರ್ಥ ಮಾಡಿದ್ದಾರೋ, ಅದರಂತೆಯೇ ಅವರು ಏಳುವುದು, ಉಣ್ಣುವುದು, ಉಡುವುದು. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ರಾತ್ರಿ ಚುಕ್ಕಿ ಮೂಡುವವರೆಗೆ ಕೆಲಸ ಮಾಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಬೀದಿಯಲ್ಲಿ ಏನನ್ನೂ ಹೊರುವಂತಿಲ್ಲ. ನಡೆಯಲಾರದ ಕೂಸೂ ಆ ಕಾನೂನಿನಲ್ಲಿ ಹೊರೆಯೇ.

ನಮ್ಮ ಬೀದಿಯ ಹೆಂಗಸರು ಶನಿವಾರ ಸಂಜೆ ಹೊಂಡದ ಪಕ್ಕದ ಬಂಡೆಯ ಮೇಲೆ ಕೂತು ಹರಟುತ್ತಿದ್ದರು. ಆ ಹೆಣ್ಣುಮಗಳು ಮಾತ್ರ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲ ಒಳಗೇ ನಿಂತು ಅವರು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದಳು. ಉಳಿದ ದಿನ ನೀರು, ಒಲೆ, ಗಂಡನ ಬುತ್ತಿ ಎಂದು ಬಿಡುವಿಲ್ಲ. ಬಿಡುವಾದ ಒಂದು ದಿನ ಮನೆಸೆರೆ.

ಎಳ್ಳೆಣ್ಣೆ ದೀಪ

ಬೀದಿಯವರು ಬಹುಬೇಗ ತೀರ್ಮಾನಕ್ಕೆ ಬಂದರು: ಪಾಪ, ಸಾಹೇಬರಿಗೆ ಶನಿಕಾಟ. ಇಲ್ಲದಿದ್ದರೆ ಅಷ್ಟು ಗಟ್ಟಿಮುಟ್ಟಾದ ಮನುಷ್ಯ ಶನಿವಾರ ಬಂತೆಂದರೆ ಯಾಕೆ ಕೈಕಟ್ಟಿ ಕೂರಬೇಕು? ‘ಶನಿವಾರದ ಸಾಹೇಬ್ರು’ ಎಂಬ ಹೆಸರೂ ಬಿತ್ತು.

ನನ್ನ ಅವ್ವ ಸುಮ್ಮನಿರುವವಳಲ್ಲ. ಒಂದು ಶನಿವಾರ ಬೆಳಿಗ್ಗೆ ಅವರ ಬಾಗಿಲ ಪಕ್ಕ ದೊಡ್ಡ ಹಣತೆಯ ತುಂಬ ಎಳ್ಳೆಣ್ಣೆ ಸುರಿದು ದೀಪ ಹಚ್ಚಿ ಕೈಮುಗಿದು ಬಂದಳು. ಅವರ ಬಾಗಿಲ ಪರದೆ ಗಾಳಿಗೆ ಹಾರಿ ಹಾರಿ ದೀಪದ ಹತ್ತಿರಕ್ಕೇ ಹೋಗುತ್ತಿತ್ತು. ಆ ದಿನ ದೀಪ ಹಚ್ಚುವುದು ಹೇಗೆ ತಪ್ಪೋ ಆರಿಸುವುದೂ ತಪ್ಪು, ಇದ್ದ ಜಾಗದಿಂದ ಸರಿಸುವುದೂ ತಪ್ಪು. ನೀವು ಆರಿಸಿ ಎಂದು ನಮಗೆ ಹೇಳುವುದೂ ಸರಿಯಲ್ಲವಂತೆ. ಸಾಹೇಬರು ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದೀಪದ ಮುಂದೆ ನಿಂತರು. ಎಣ್ಣೆ ತೀರುವವರೆಗೂ ನಿಂತೇ ಇದ್ದರು. ಒಳಗೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ನಮ್ಮ ಜಗಲಿಯಿಂದ ಅವ್ವ ಎಲ್ಲವನ್ನೂ ನೋಡುತ್ತಿದ್ದಳು. ಕೊನೆಗೆ ಕಣ್ಣೊರೆಸಿಕೊಂಡು ನನಗೆ ಹೇಳಿದಳು: “ಏನ್ ಭಕ್ತಿ ನೋಡಪ್ಪ. ನಾನು ಇಷ್ಟ್ ವರ್ಷ ದೀಪ ಹಚ್ಚೀನಿ, ಒಂದ್ ದಿನಾನಾದ್ರೂ ಹಿಂಗೆ ಎಣ್ಣೆ ತೀರೋಗಂಟ ನಿಂತೀನಾ?”

ತಿವಿದ ಹೋರಿ

ತೋರಾ ಒಬ್ಬರೇ ಕೂತು ಮನಸ್ಸಿನಲ್ಲಿ ಓದಿಕೊಳ್ಳುವ ಪುಸ್ತಕವಲ್ಲವಂತೆ. ಎದುರಿಗೆ ಒಬ್ಬ ಜೊತೆಗಾರ ಬೇಕು, ಅವನು ಸಾಲು ಸಾಲಿಗೂ ತಕರಾರು ತೆಗೆಯಬೇಕು, ಹಾಗೆ ಜಗಳವಾಡುತ್ತಲೇ ಅರ್ಥ ತಿಳಿಯಬೇಕು. ದುರ್ಗದಲ್ಲಿ ಅವರ ಪೈಕಿ ಇನ್ನೊಬ್ಬರಿಲ್ಲ. ಸಾಹೇಬರು ತಕರಾರಿಗೆ ನನ್ನನ್ನು ಹಿಡಿದರು. ಕೋರ್ಟಿನಲ್ಲಿ ನನ್ನ ತಕರಾರನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವಾದ್ದರಿಂದ ನಾನೂ ಖುಷಿಯಾಗಿ ಒಪ್ಪಿದೆ. ವರ್ಷ ತುಂಬುವುದರೊಳಗೆ ಸಾಹೇಬರು ನಮ್ಮಂತೆಯೇ ಐತೆ, ಅವೆ ಎಂದು ವಾದ ಮಾಡುವಷ್ಟು ಪಳಗಿದರು.

ಒಂದು ಸಂಜೆ ತೋರಾದಲ್ಲಿ ಬರುವ ಎತ್ತು ತಿವಿದ ಪ್ರಕರಣದ ಚರ್ಚೆ ನಡೆದಿತ್ತು. ಒಬ್ಬನ ಎತ್ತು ಇನ್ನೊಬ್ಬನ ದನವನ್ನು ತಿವಿದರೆ ಒಡೆಯ ಅರ್ಧ ನಷ್ಟ ಕಟ್ಟಿಕೊಡಬೇಕು. ಮೂರು ಸಲ ತಿವಿದು, ಎಚ್ಚರಿಕೆ ಕೊಟ್ಟ ಮೇಲೂ ಅವನು ಕಟ್ಟಿಹಾಕದಿದ್ದರೆ ಆಮೇಲಿನದಕ್ಕೆ ಪೂರ್ತಿ ನಷ್ಟ. ಎತ್ತಿಗೆ ಮೂರು ಸಲ ಯಾಕೆ ಮಾಫಿ ಎಂದು ನಾನು ಕೂಗಾಡುತ್ತಿದ್ದೆ. ಜಗಲಿಯ ತುದಿಯಲ್ಲಿ ತುರುವನೂರು ಕಡೆಯ ರೈತ ಕಾದು ಕೂತಿದ್ದ. ಅವನ ಹೋರಿ ಪಕ್ಕದ ಹೊಲದವನ ಹಸುವನ್ನು ತಿವಿದಿತ್ತು, ಅದಕ್ಕೇ ನನ್ನನ್ನು ಹುಡುಕಿಕೊಂಡು ಬಂದಿದ್ದ. ಎಲ್ಲ ಕೇಳಿಸಿಕೊಂಡು, ಅರ್ಧ ಕೊಡುವುದು ನ್ಯಾಯವೇ ಎಂದು ಎದ್ದ. ನನ್ನ ಕೇಸು ಅಲ್ಲಿಗೆ ಮುಗಿಯಿತು.

ಮೆಟ್ಟಿಲಿಳಿದವನು ತಿರುಗಿ ನಿಂತು ಸಾಹೇಬರನ್ನು ಕೇಳಿದ: “ಇದು ಮೊದಲ್ನೇ ಸಲ ಕಣ್ರಿ. ಹಂಗಾದ್ರೆ ನಮ್ ಹೋರಿಗೆ ಇನ್ನೂ ಎರಡು ಸಲ ಅವಕಾಶ ಐತೆ ಅನ್ರಿ?”

ಹೊಳಲ್ಕೆರೆಯ ಪಂಕ್ತಿ

ಪರವೂರಿಗೆ ಹೋದರೆ ಸಾಹೇಬರ ಊಟ ಕಷ್ಟ. ಯಾವ ಮಾಂಸ, ಯಾರು ಕೊಯ್ದದ್ದು, ಹಾಲಿಗೂ ಮಾಂಸಕ್ಕೂ ಒಂದೇ ಪಾತ್ರೆಯೋ ಎಂದು ನೂರು ವಿಚಾರ. ಹೊಳಲ್ಕೆರೆಯಲ್ಲಿ ನನ್ನ ಗೆಳೆಯನ ಮದುವೆಗೆ ಕರೆದುಕೊಂಡು ಹೋದೆ. ಲಿಂಗಾಯತರ ಮದುವೆ, ಹೊಸ ಹಂಡೆ, ಹೊಸ ಕೊಳಗ, ಮಾಂಸದ ಸುಳಿವೇ ಇಲ್ಲ. ಹುಡುಗಿಯ ತಂದೆ ಬಂದು, ನಮ್ಮಲ್ಲಿ ಬರೀ ಸೊಪ್ಪುಸದೆ, ನಿಮಗೆ ರುಚಿಸುತ್ತದೋ ಇಲ್ಲವೋ ಎಂದು ಸಂಕೋಚಪಟ್ಟರು. ಸಾಹೇಬರು ಕೈ ತೊಳೆದು, ಕಣ್ಣುಮುಚ್ಚಿ ಏನೋ ಮಂತ್ರ ಹೇಳಿ, ಹೋಳಿಗೆಗೆ ಹಾಲು ಸುರಿದುಕೊಂಡು ಉಣ್ಣತೊಡಗಿದರು. ಅಷ್ಟು ನಿಶ್ಚಿಂತೆಯಿಂದ ಉಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎದ್ದ ಮೇಲೆ ಮತ್ತೆ ಮಂತ್ರ.

ಅಡುಗೆಯವನು ನನ್ನನ್ನು ಕಂಬದ ಮರೆಗೆ ಕರೆದು ಮೆಲ್ಲಗೆ ಕೇಳಿದ: “ಭಾರೀ ನೇಮದೋರು. ಯಾವ ಮಠದೋರ್ರಿ ಇವ್ರು?”

ಗೋಡೆ ನೋಡಲು ಹೋದದ್ದು

ಮದುವೆಯಿಂದ ಬಂದ ಮೇಲೆ ಒಂದು ದಿನ ನನ್ನ ಹೆಂಡತಿ ಚಹಾ ತಂದಿಟ್ಟವಳು ಒಳಗೆ ಹೋಗದೆ ನಿಂತಳು. ಅವಳು ಹಿಂದಿನ ಶನಿವಾರ ಎದುರು ಮನೆಯ ಕೂಸನ್ನು ತಾನೇ ಎತ್ತಿಕೊಂಡು ಹೊಂಡದ ಹತ್ತಿರ ಹೊರಟಿದ್ದಳು. ಕೂಸು ಊರು ಕೇಳುವಂತೆ ಅತ್ತು, ಅರ್ಧ ದಾರಿಯಿಂದ ವಾಪಸು ತರಬೇಕಾಯಿತು. ತಾಯಿಯೂ ಅಂದು ಒಳಗೆ ಹೋಗಿ ಅತ್ತಳಂತೆ. ಆ ಸಿಟ್ಟು ನನ್ನ ಹೆಂಡತಿಗೆ ಇನ್ನೂ ಇಳಿದಿರಲಿಲ್ಲ.

“ಮನೆ ಒಳಗೆ ಕೂಸ್ನ ಎತ್ಕಳ್ಬಹುದೇನ್ರಿ?” ಎಂದು ಸಾಹೇಬರನ್ನು ಕೇಳಿದಳು.

“ಎತ್ಕಳ್ಬಹುದಮ್ಮ. ಗೋಡೆ ಒಳಗಾದ್ರೆ ಏನೂ ತಪ್ಪಿಲ್ಲ.”

“ಹಂಗಾದ್ರೆ ನಾವೆಲ್ಲ ಇರೋದು ಕೋಟೆ ಗೋಡೆ ಒಳಗೇ ಅಲ್ವೇನ್ರಿ? ಹೊಂಡಾನೂ ಒಳಗೇ ಐತೆ.”

ಸಾಹೇಬರು ಬಾಯಿಗಿಟ್ಟ ಲೋಟ ಕೆಳಗಿಟ್ಟರು. ಮರುದಿನವೇ ರಜೆ ಹಾಕಿ ಮುಂಬೈಗೆ ಹೋಗಿ, ಅಲ್ಲಿ ಅವರಿಗೆ ಪಾಠ ಹೇಳಿದ ಹಿರಿಯರ ಮುಂದೆ ಬಳಪದಲ್ಲಿ ನೆಲದ ಮೇಲೆ ನಮ್ಮ ಕೋಟೆಯನ್ನೇ ಬರೆದು ಕೇಳಿಕೊಂಡು ಬಂದರು. ಆಗಬಹುದು, ಆದರೆ ಗೋಡೆ ಎಲ್ಲೂ ಒಡೆದಿರಬಾರದು ಎಂದು ಅಪ್ಪಣೆಯಾಗಿತ್ತು. ಒಡೆದ ಕಡೆ ಎರಡು ಕಂಬ ನೆಟ್ಟು ಅವುಗಳ ತಲೆಯ ಮೇಲೆ ಹಗ್ಗ ಎಳೆದರೆ ಅದು ಬಾಗಿಲಿದ್ದಂತೆ, ಗೋಡೆ ಕೂಡಿತೆಂದೇ ಲೆಕ್ಕ.

ನನ್ನ ಕಕ್ಷಿದಾರರೆಲ್ಲ ಕಾನೂನಿನಿಂದ ಹೇಗೆ ತಪ್ಪಿಸಿಕೊಳ್ಳಲಿ ಎಂದು ಕೇಳಲು ಬರುವವರು. ಯಾರೂ ಕೇಳುವವರಿಲ್ಲದ ಊರಿನಲ್ಲಿ ಕೂತು, ಹೆಂಡತಿಯ ಕಣ್ಣೀರಿಗೂ ಕಾನೂನಿನ ಒಳಗೇ ದಾರಿ ಹುಡುಕುವ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಅವರ ಮೇಲೆ ನನಗೆ ಗೌರವ ಬಂದದ್ದೂ ಅವತ್ತೇ.

ಭಾನುವಾರ ಇಬ್ಬರೂ ಗೋಡೆಗುಂಟ ಹೊರಟೆವು. ಸಾಹೇಬರು ಕಲ್ಲು ಕಲ್ಲನ್ನೂ ಕೈಯಿಂದ ತಟ್ಟಿ ನೋಡುತ್ತಿದ್ದರು. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಕಂಬಳಿ ಕೊಪ್ಪೆಯೊಳಗಿಂದ ಬಹಳ ಹೊತ್ತು ನಮ್ಮನ್ನೇ ನೋಡಿ, ಏನು ಕಳೆದುಕೊಂಡಿರಿ ಎಂದು ಕೇಳಿದ. ಗೋಡೆ ಎಲ್ಲಾದರೂ ಒಡೆದಿದೆಯೇ ನೋಡುತ್ತಿದ್ದೇವೆ ಎಂದೆ. ನಮ್ಮ ಊರಿನಲ್ಲಿ ಕೋಟೆಯ ಕಂಡಿ, ಕಿಂಡಿ ಎಂದರೆ ಯಾರಿಗಾದರೂ ಒನಕೆಯೇ ನೆನಪಾಗುವುದು. ಮುದುಕ ತನ್ನ ಕುರಿಗಳು ನುಗ್ಗುವ ಒಂದೇ ಒಂದು ಕಂಡಿಯನ್ನು ತೋರಿಸಿದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ ವಿಚಾರಿಸಿದ: “ಯಾರು ದಂಡೆತ್ತಿ ಬರ್ತಾ ಅವ್ರೆ ಸ್ವಾಮಿ? ನಮಗೆ ಸುದ್ದೀನೇ ಇಲ್ಲ.”

ಯಾರು ಬರುತ್ತಾರೆ?

ಶುಕ್ರವಾರ ಮಧ್ಯಾಹ್ನ ಕಂಡಿಯ ಎರಡು ಕಡೆ ಬಿದಿರು ಗಳ ನೆಟ್ಟು ಮೇಲೆ ಹಗ್ಗ ಬಿಗಿದೆವು. ಕುರಿಗಳು ಮೊದಲಿನಂತೆಯೇ ಅದರ ಕೆಳಗೆ ಹಾದು ಹೋದವು. ಹಗ್ಗ ಕಾಯುವ ಕೆಲಸ ಕುರಿಯ ಮುದುಕನೇ ವಹಿಸಿಕೊಂಡ. ಬೋಳು ಗಳ ನೋಡಲಾರದೆ ಅವ್ವ ಮಾವಿನ ತೋರಣ ಕಟ್ಟಿಸಿದಳು.

ತಪ್ಪಾದದ್ದು ಅಲ್ಲಿ. ಶನಿವಾರ ಬೆಳಗಾಗುವುದರೊಳಗೆ ಯಾರೋ ಮಂತ್ರಿ ಬರುತ್ತಾರೆಂದು ಸುದ್ದಿ ಹಬ್ಬಿತು. ತೋರಣ ಕಟ್ಟಿದ ಮೇಲೆ ಮಂತ್ರಿ ಬರಲೇಬೇಕಲ್ಲ. ಸಂಜೆಗೆ ನಮ್ಮ ವಾರ್ಡಿನ ಮೆಂಬರರು ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಹಿರಿಯೂರಿನ ಸೇವಂತಿಗೆಯ ದಪ್ಪ ಹಾರ ಹಿಡಿದು ಬಂದೇಬಿಟ್ಟರು. ಅವರ ಹಿಂದೆ ಅರ್ಧ ಪೇಟೆ. ತಮಗೆ ತಿಳಿಸದೆ ಯಾರನ್ನು ಕರೆಸಿದ್ದೀರಿ ಎಂದು ನನ್ನ ಮೇಲೆ ರೇಗಿದರು. ನಾನು ತೋರಾ, ಗೋಡೆ, ಹೊರೆ ಎಂದು ವಿವರಿಸಿದೆ. ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ತಂದ ಹಾರವನ್ನು ವಾಪಸು ಒಯ್ಯುವ ಜಾತಿಯ ಮನುಷ್ಯರಲ್ಲ ಅವರು.

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಸಾಹೇಬರ ಹೆಂಡತಿ ಕೂಸನ್ನು ಎತ್ತಿಕೊಂಡು, ಒಂದು ಗಳಿಗೆ ನಿಂತು, ಹೊಸ್ತಿಲು ದಾಟಿದಳು. ಅವಳ ಮುಖ ನೋಡಿ ನನ್ನ ಹೆಂಡತಿ ಅತ್ತೇಬಿಟ್ಟಳು.

“ಅಗಾ, ಬಂದ್ರು ನೋಡ್ರಿ,” ಎಂದಳು ಅವ್ವ, ಮೆಂಬರರಿಗೆ.

ಮೆಂಬರರು ಮುಂದೆ ಹೋಗಿ ಕೂಸಿನ ಕೊರಳಿಗೆ ಹಾರ ಹಾಕಿ ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ಕೂಸು ಹೂವಿನೊಳಗೆ ಮುಳುಗಿ ಒಂದು ಎಸಳನ್ನು ಬಾಯಿಗಿಟ್ಟುಕೊಂಡಿತು.

ಸಾಹೇಬರು ಮಾತ್ರ ಗರಬಡಿದವರಂತೆ ನಿಂತರು. ಏನಾಯಿತೆಂದು ಕೇಳಿದೆ. ಮೆಂಬರರು ಹಾರ ತಂದದ್ದು ಗೋಡೆಯ ಆಚೆಯ ಪೇಟೆಯಿಂದ. ಈಗ ಕೊರಳಲ್ಲಿರುವ ಇದು ಒಡವೆಯೋ, ಹೊರೆಯೋ? ಗಾಳಿಗೆ ಹಗ್ಗ ಜಾರಿದ್ದರೆ ಗೋಡೆಯೂ ಇಲ್ಲ, ಕೂಸೂ ಹೊರೆಯೇ. ಹಗ್ಗ ನೆಟ್ಟಗಿದ್ದರೂ, ಶನಿವಾರ ಆಚೆಯಿಂದ ಹೊತ್ತು ತಂದದ್ದು ಒಡವೆಯಾದರೆ ಪರವಾಗಿಲ್ಲ, ಹೊರೆಯಾದರೆ ಏನು ಗತಿ? ಹೆಂಡತಿ ಒಂದು ಕಾಲನ್ನು ಹಿಂದಕ್ಕೆ ಹೊಸ್ತಿಲ ಮೇಲಿಟ್ಟಳು.

ನನ್ನ ಮೈಯಲ್ಲಿ ಯಾವ ವಕೀಲ ಹೊಕ್ಕನೋ ಕಾಣೆ. ಬೀದಿ ಮಧ್ಯೆ ನಿಂತು ವಾದಿಸಿದೆ. ಹಗ್ಗ ನೆಟ್ಟಗಿದೆ, ಮುದುಕ ಕುರಿ ಬಿಟ್ಟು ಅದನ್ನೇ ಕಾಯುತ್ತಿದ್ದಾನೆ ಎಂದೆ. ಹೊರೆಯನ್ನು ಹೊತ್ತವರಿಗೆ ಯಾರೂ ಕೈಮುಗಿಯುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ, ಇಲ್ಲಿ ಎರಡೂ ಆಗಿದೆ, ಊರೇ ಸಾಕ್ಷಿ ಎಂದೆ. ಸಾಹೇಬರು ಗಡ್ಡ ತುರಿಸಿಕೊಂಡು ತಕರಾರು ತೆಗೆದರು. ನಾನು ಬಿಡಲಿಲ್ಲ. ಕೊನೆಗೆ ಅವರು ಕೂಸನ್ನೂ ಹೆಂಡತಿಯನ್ನೂ ನೋಡಿ ತೀರ್ಪು ಕೊಟ್ಟರು.

“ಒಡವೆ. ಹೊರೆ ಅಲ್ಲ. ನಡಿ ಹೋಗಾಣ.”

ಹೆಂಗಸರು ಅವಳನ್ನು ನಡುವೆ ಹಾಕಿಕೊಂಡು ಹೊಂಡದ ಕಡೆ ಹೊರಟರು. ಆ ವರ್ಷ ನಾನು ಗೆದ್ದ ಕೇಸು ಅದೊಂದೇ.