ಕುರಿಗೂ ಪಾಪ, ಗುನ್ವೋರಮ್ಮನಿಗೂ ಪಾಪ

"ಪ್ರೀತಿಯ ಅಮ್ಮನಿಗೆ, ನಾನು ಕ್ಷೇಮ. ಆಲೂಗಡ್ಡೆ ಅಭ್ಯಾಸವಾಗಿದೆ. ಅನ್ನ ವಾರಕ್ಕೊಮ್ಮೆ ಕನಸಿನಲ್ಲಿ ಬರುತ್ತದೆ. ಗಾಳಿ ಮಾತ್ರ ದಿನವೂ ಬರುತ್ತದೆ. ಮೊನ್ನೆ ನನ್ನ ಟೋಪಿಯನ್ನು ಸಮುದ್ರಕ್ಕೆ ಕೊಟ್ಟುಬಿಟ್ಟಿತು. ಅಮ್ಮಾ, ನಾರ್ವೆಯ ಜನ ದೇವರನ್ನು ಮರೆತಿದ್ದಾರೆಂದು ಹೇಳಿ ನಮ್ಮ ಚರ್ಚಿನವರು ನನ್ನನ್ನು ಕಳಿಸಿದರಲ್ಲ, ಅದು ಸುಳ್ಳು. ಇಂಥ ಪಾಪಭೀರುಗಳನ್ನು ನಮ್ಮ ಮಡಗಾಸ್ಕರದಲ್ಲೂ ನಾನು ಕಂಡಿಲ್ಲ. ಟೋಪಿ ಹಾರಿದಾಗ ಅಂಗಡಿಯ ಹೆಂಗಸು ಎದೆಯ ಮೇಲೆ ಕೈಯಿಟ್ಟು 'ಪಾಪ' ಎಂದಳು. ಬಸ್ಸು ನನ್ನನ್ನು ಬಿಟ್ಟು ಹೋದಾಗ ನಿಲ್ದಾಣದಲ್ಲಿದ್ದ ಮುದುಕ ತಲೆಯಾಡಿಸಿ 'ಪಾಪ' ಎಂದ. ಬಸ್ಸಿಗೆ ಹೇಳಿದನೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ನಾನಿರುವ ಮನೆಯ ಯಜಮಾನಿ ಗುನ್ವೋರಮ್ಮ ದಿನಕ್ಕೆ ಇಪ್ಪತ್ತು ಸಲವಾದರೂ ಪಾಪವನ್ನು ನೆನೆಯುತ್ತಾರೆ. ಮಳೆಯಲ್ಲಿ ತೊಯ್ದ ಕುರಿಯನ್ನು ಕಿಟಕಿಯಿಂದ ನೋಡಿ 'ಪಾಪ' ಎನ್ನುತ್ತಾರೆ. ಕುರಿಯ ಪಾಪವನ್ನೂ ವಿಚಾರಿಸುವಷ್ಟು ಆಳವಾದ ಭಕ್ತಿ. ವಯಸ್ಸಿನಲ್ಲಿ ಅವರೇನು ಮಾಡಿದ್ದರೋ, ನಾನು ಕೇಳಿಲ್ಲ. ದೊಡ್ಡದೇ ಇರಬೇಕು. ಬರುವ ಭಾನುವಾರ ಪ್ರಾರ್ಥನಾ ಮನೆಯಲ್ಲಿ ಮೊದಲ ಸಲ ಇವರ ಭಾಷೆಯಲ್ಲೇ ಮಾತಾಡಬೇಕು. ಪಾಪದ ಮೇಲೆಯೇ ಮಾತಾಡುತ್ತೇನೆ. ನಿಮ್ಮ ಕೂಗು ನನಗೆ ಕೇಳಿಸಿದೆ ಎನ್ನುತ್ತೇನೆ."

ರಾದೋ ಕಾಗದದಿಂದ ತಲೆಯೆತ್ತಿದ. "ತಪ್ಪಿದ್ರೆ ಹೇಳಿ, ಗುನ್ವೋರಮ್ಮಾ."

ಪ್ರತಿ ಸೋಮವಾರದ ಪದ್ಧತಿ ಇದು. ತಾಯಿಗೆ ಬರೆಯುವುದನ್ನು ಅವನು ಮೊದಲು ಈ ಊರಿನ ಭಾಷೆಯಲ್ಲಿ ಬರೆದು ಓದಬೇಕು, ಗುನ್ವೋರ್ ತಿದ್ದಬೇಕು. ಆಮೇಲೆ ಅವನು ಅದನ್ನು ತನ್ನ ಭಾಷೆಗೆ ತಿರುಗಿಸಿ ಫೋನಿನಲ್ಲಿ ಕಳಿಸುತ್ತಿದ್ದ. ಅವನು ತಂದಿದ್ದ ಪದಕೋಶದಲ್ಲಿ ಪಾಪಕ್ಕೆ ಒಂದೇ ಅರ್ಥವಿತ್ತು. 'ಅಯ್ಯೋ ಪಾಪ'ದ ಪಾಪವನ್ನು ಅಚ್ಚು ಹಾಕಿದವರು ಮರೆತಿದ್ದರು.

ಗುನ್ವೋರ್ ಬಾಯಿ ತೆರೆದಳು. ಹುಡುಗನ ಮುಖ ನೋಡಿದಳು. ಆರು ತಿಂಗಳಲ್ಲಿ ಆ ಮುಖ ಇಷ್ಟು ಅರಳಿದ್ದನ್ನು ಕಂಡಿರಲಿಲ್ಲ. ಬಾಯಿ ಮುಚ್ಚಿ ಕಾಗದದ ಮೇಲೆ ಕಣ್ಣಾಡಿಸಿದಳು.

"ಎರಡು ಕಡೆ ಚುಕ್ಕೆ ಬಿಟ್ಟಿದ್ದೀಯ, ಮಗು," ಎಂದಳು. "ಮಿಕ್ಕಿದ್ದು ಸರಿಯಾಗಿದೆ."

(ವಯಸ್ಸಿನಲ್ಲಿ ಅವಳು ಮಾಡಿದ್ದ ಅತಿ ದೊಡ್ಡ ಪಾಪವೆಂದರೆ ಅಕ್ಕನ ಸೈಕಲ್ಲನ್ನು ಹೇಳದೆ ಒಯ್ದು ಕಲ್ಲುಬೇಲಿಗೆ ಗುದ್ದಿದ್ದು. ಅದನ್ನು ಅಕ್ಕ ಇನ್ನೂ ಕ್ಷಮಿಸಿರಲಿಲ್ಲ.)

ರಾದೋ ಮಹಡಿ ಹತ್ತಿದ ಮೇಲೆ ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದಿದ್ದ ಗಂಡ ತೊರಾಲ್ಫ್, "ಹೇಳಲಿಲ್ಲ ನೀನು," ಎಂದ.

"ಹೇಗೆ ಹೇಳಲಿ? ಅಷ್ಟು ಖುಷಿಯಾಗಿದ್ದಾನೆ."

"ಭಾನುವಾರ ಇಡೀ ಊರಿಗೇ ಖುಷಿ."

"ನೀನೇ ಹೇಳು ಹಾಗಾದ್ರೆ."

"ನಾನು ಯಾರು? ಆ ಕಾಗದದಲ್ಲಿ ನಮ್ಮ ಕುರಿಗಿರೋ ಜಾಗವೂ ನನಗಿಲ್ಲ."

ನಗುವ ವಿಷಯವಾಗಿರಲಿಲ್ಲ. ಪ್ರಾರ್ಥನಾ ಮನೆಯ ಸಮಿತಿಗೆ ಅಧ್ಯಕ್ಷೆ ಬೊರ್ಗ್‌ಹಿಲ್, ಅದೇ ಸೈಕಲ್ಲಿನ ಅಕ್ಕ. "ಇನ್ನೂ ಪಕ್ಕದಲ್ಲಿ ದುಭಾಷಿ ನಿಲ್ಬೇಕು ಅಂದ್ರೆ ಹೇಗೆ? ಭಾನುವಾರ ನೆಟ್ಟಗೆ ಮಾತಾಡಿದ್ರೆ ಇಲ್ಲಿರ್ಲಿ. ಇಲ್ದಿದ್ರೆ ಪಟ್ಟಣದ ಕಚೇರೀಲಿ ಲಕೋಟೆ ಅಂಟಿಸ್ಲಿ," ಎಂದು ಅವಳು ತೀರ್ಪು ಕೊಟ್ಟಾಗಿತ್ತು. ರಾದೋ ಹೋದರೆ ಮಹಡಿ ಬರಿದು. ಬೆಳಿಗ್ಗೆ ಮೆಟ್ಟಿಲ ಮೇಲೆ ಹಾಡುತ್ತ ಇಳಿಯುವವರಿಲ್ಲ. ತೊರಾಲ್ಫನಿಂದ ಹಾಡು ನಿರೀಕ್ಷಿಸುವಂತಿಲ್ಲ. ಅವನು ಸೀನುವುದೂ ವರ್ಷಕ್ಕೆ ಎರಡೇ ಸಲ.

ಮಂಗಳವಾರ ಬೆಳಿಗ್ಗೆ ಗುನ್ವೋರಳಿಗೆ ಒಂದು ದಿವ್ಯ ಉಪಾಯ ಹೊಳೆಯಿತು. ಹುಡುಗನನ್ನು ತಿದ್ದುವುದು ಕಷ್ಟ, ಊರನ್ನು ತಿದ್ದುವುದು ಸುಲಭ. ಅಕ್ಕನಿಗೆ ಫೋನು ಮಾಡಿದಳು.

"ಅವನ ಎದುರಿಗೆ ಯಾರೂ ಆ ಮಾತು ಆಡ್ಬಾರ್ದು, ಅಕ್ಕ. ನಾಲ್ಕು ದಿನ ಕಿವಿಗೆ ಬೀಳದಿದ್ರೆ ಅವನೇ ಬೇರೆ ವಿಷಯ ಹುಡುಕ್ತಾನೆ. ಒಂದು ವೇಳೆ ಅದನ್ನೇ ಮಾತಾಡಿದ್ರೂ ಯಾರೂ ನಗ್ಬಾರ್ದು."

"ಮಾತಾಡಿದ್ದು ನೆಟ್ಟಗಿದ್ರೆ ಯಾಕೆ ನಗ್ತಾರೆ?"

"ಗುಟ್ಟಾಗಿರ್ಲಿ."

"ನನ್ನ ಹೊಟ್ಟೇಲೇ ಇರುತ್ತೆ," ಎಂದಳು ಬೊರ್ಗ್‌ಹಿಲ್. ಮಧ್ಯಾಹ್ನದ ಹೊತ್ತಿಗೆ ಆ ಹೊಟ್ಟೆಯಲ್ಲಿ ಇಡೀ ಊರಿತ್ತು.

ಅಂದಿನಿಂದ ಊರಿನಲ್ಲಿ ಪಾಪ ನಿಷೇಧವಾಯಿತು. ಬುಧವಾರ ರಾದೋನ ಕೊಡೆ ಗಾಳಿಗೆ ತಿರುಚಿಕೊಂಡಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಮೋಡ ನೋಡುತ್ತ ನಿಂತರು. ಗುರುವಾರ ಅಂಗಡಿಯ ಮುಂದೆ ಅವನು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡ. ಅಂಗಡಿಯ ಹೆಂಗಸು ಓಡಿ ಬಂದು, "ಅಯ್ಯೋ ಪಾ..." ಎಂದವಳು ತಡೆದು, "...ಲಕ್ ಸೊಪ್ಪು ಬಂದಿದೆ, ತಾಜಾ," ಎಂದಳು. ಮೊಣಕಾಲಿಗೆ ಪಟ್ಟಿ ಹಾಕಿಸಿಕೊಂಡು, ಬೇಡದ ಪಾಲಕ್ ಒಂದು ಕಟ್ಟು ಹಿಡಿದುಕೊಂಡು ರಾದೋ ಮನೆಗೆ ಬಂದ. ಮುಖ ಸೊಪ್ಪಿಗಿಂತ ಬಾಡಿತ್ತು. ಸೊಪ್ಪನ್ನು ಅಡಿಗೆಮನೆಯ ಬಾಗಿಲಲ್ಲೇ ಇಟ್ಟು ನೇರ ಕುರಿದೊಡ್ಡಿಗೆ ಹೋದ. ಅಲ್ಲಿ ತೊರಾಲ್ಫ್ ಇದ್ದ.

ಗುನ್ವೋರ್ ಕಿಟಕಿಯಿಂದ ನೋಡಿದಳು. ಹುಡುಗ ಏನೋ ಕೇಳಿದ. ತೊರಾಲ್ಫ್ ಹುಲ್ಲು ಹಾಕುತ್ತಲೇ ಏನೋ ಹೇಳಿದ. ಅವನು ಮಾತಾಡುವವನಲ್ಲವಾದ್ದರಿಂದ ಅವಳು ನಿಶ್ಚಿಂತೆಯಿಂದ ಸೊಪ್ಪು ಬಿಡಿಸತೊಡಗಿದಳು.

ಭಾನುವಾರ ಬಂತು. ಗುನ್ವೋರ್ ಎರಡನೆಯ ಸಾಲಿನಲ್ಲಿ ಕೂತು ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದಳು. ರಾದೋ ಎದ್ದು ನಿಂತ. ದುಭಾಷಿ ಇರಲಿಲ್ಲ.

"ನಾನು ಪಾಪದ ಬಗ್ಗೆ ಮಾತಾಡ್ತೀನಿ," ಎಂದ. ಗುನ್ವೋರ್ ಕಣ್ಣು ಮುಚ್ಚಿದಳು.

"ಆರು ತಿಂಗಳು ನೀವೆಲ್ಲ ನನ್ನನ್ನು ನೋಡಿ ಪಾಪ ಅಂತಿದ್ರಿ. ಮಂಗಳವಾರದಿಂದ ಯಾರೂ ಅನ್ನಲಿಲ್ಲ. ಇಡೀ ಊರು ಒಂದೇ ರಾತ್ರಿಗೆ ಶುದ್ಧವಾಯ್ತಾ ಅಂತ ತೊರಾಲ್ಫ್ ಅವರನ್ನು ಕೇಳಿದೆ. ಅವರು ಎರಡೇ ಮಾತಿನಲ್ಲಿ ಎಲ್ಲಾ ಹೇಳಿದ್ರು."

ಗುನ್ವೋರ್ ಕಣ್ಣು ತೆರೆದು ಗಂಡನ ಕಡೆ ತಿರುಗಿದಳು. "ಹೇಳ್ಬೇಡ ಅಂತ ನೀನು ನನಗೆ ಹೇಳಿರಲಿಲ್ಲ," ಎಂದು ಅವನು ಪಿಸುಗುಟ್ಟಿದ.

"ನಮ್ಮ ಭಾಷೆಯಲ್ಲಿ ಮನುಷ್ಯ ಮಾಡಿದ ತಪ್ಪಿಗೆ ಒಂದು ಮಾತು, ಅವನನ್ನು ಕಂಡು ಕರಗೋದಕ್ಕೆ ಬೇರೆ ಮಾತು," ಎಂದ ರಾದೋ. "ನಿಮ್ಮಲ್ಲಿ ಎರಡಕ್ಕೂ ಒಂದೇ. ದೇವರು ಮೇಲಿಂದ ನನ್ನನ್ನು ನೋಡಿ ಪಾಪ ಅಂದ್ರೆ ಏನು ಗತಿ ಅಂತ ನನಗೆ ಚಿಕ್ಕಂದಿನಿಂದ ಹೆದರಿಕೆ ಇತ್ತು. ಈಗ ಅನ್ನಲಿ ಬಿಡಿ ಅನ್ಸುತ್ತೆ."

ಬೊರ್ಗ್‌ಹಿಲ್ ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು. ಗುನ್ವೋರಳ ಕೈ ಚೀಲದ ಹಿಡಿಯನ್ನು ಬಿಟ್ಟಿತು.

"ಇನ್ನೊಂದು ವಿಷಯ," ಎಂದ ರಾದೋ. "ಕಾಗದ ಸೋಮವಾರವೇ ಹೋಗಿತ್ತು. ಗುನ್ವೋರಮ್ಮ ಸರಿಯಾಗಿದೆ ಅಂದಿದ್ರು, ಕಳಿಸಿಬಿಟ್ಟೆ. ಅಮ್ಮ ಅದನ್ನು ಬುಧವಾರ ಚರ್ಚಿನಲ್ಲಿ ಓದಿದ್ದಾಳೆ. ನಾನು ಫೋನು ಮಾಡಿ ತಪ್ಪಾಯ್ತು ಅಂದೆ. ಆದ್ರೆ ಹೆಂಗಸರು ಆಗಲೇ ನಲವತ್ತು ದಿನದ ಪ್ರಾರ್ಥನೆ ಹಿಡಿದಿದ್ದಾರೆ, ನಡುವೆ ನಿಲ್ಲಿಸೋ ಹಾಗಿಲ್ಲವಂತೆ. ಆಕೆ ಏನೂ ಮಾಡಿಲ್ಲ ಅಂದ್ರೆ ಇನ್ಮುಂದೆ ಮಾಡೋದಕ್ಕೆ ಜಮಾ ಆಗ್ಲಿ ಅಂದ್ಳು ಅಮ್ಮ. ಹೆಸರಿನ ಪಟ್ಟಿಯಲ್ಲಿ ಮೊದಲು ಗುನ್ವೋರಮ್ಮ, ಆಮೇಲೆ ಕುರಿ."

ಹುಡುಗನನ್ನು ನೋಡಿ ಯಾರೂ ನಗಬಾರದೆಂದು ಗುನ್ವೋರ್ ಬೇಡಿಕೊಂಡಿದ್ದಳು. ಯಾರೂ ಅವನನ್ನು ನೋಡಿ ನಗಲಿಲ್ಲ. ಎಲ್ಲರೂ ಎರಡನೆಯ ಸಾಲಿನ ಕಡೆ ತಿರುಗಿ ನಕ್ಕರು. ಹತ್ತು ವರ್ಷದಿಂದ ಕಿವಿ ಕೇಳದ ಮುದುಕನೂ ಪಕ್ಕದವನಿಂದ ವಿಷಯ ತಿಳಿದು ಎರಡು ನಿಮಿಷ ತಡವಾಗಿ ನಕ್ಕ.

ಕಾಫಿಯ ಹೊತ್ತಿಗೆ ಬೊರ್ಗ್‌ಹಿಲ್ ತಂಗಿಯ ತಟ್ಟೆಗೆ ಎರಡು ಸಿಹಿದೋಸೆ ಹೆಚ್ಚಾಗಿಯೇ ಹಾಕಿದಳು, ಜೊತೆಗೆ ಹಣ್ಣಿನ ಪಾಕ. "ಅವನು ಇಲ್ಲೇ ಇರ್ಲಿ," ಎಂದಳು. "ನಿನ್ನನ್ನು ಏನು ಮಾಡೋದು ಅಂತ ಸಮಿತೀಲಿ ನೋಡೋಣ. ಪ್ರಾರ್ಥನೆ ಮಾಡೋರಿಗೆ ನನ್ನ ಸೈಕಲ್ಲಿನ ವಿಷಯ ತಿಳಿಸಿದ್ದೀಯಾ?"

ಸಂಜೆ ಗುನ್ವೋರ್ ಆಲೂಗಡ್ಡೆ ಸುಲಿಯಲು ಕೂತಳು. ಎದುರಿಗೆ ರಾದೋ ಇನ್ನೊಂದು ಚಾಕು ಹಿಡಿದು ಕೂತು ಹಾಡು ಗುನುಗುತ್ತಿದ್ದ. ತೊರಾಲ್ಫ್ ಪತ್ರಿಕೆಯ ಹಿಂದಿನಿಂದ, "ಇನ್ನೂ ಮೂವತ್ತಾರು ದಿನ ಇದೆ. ಏನಾದ್ರೂ ಮಾಡೋದಿದ್ರೆ ಈಗ್ಲೇ ಮಾಡ್ಕೋ," ಎಂದ.

ಬುಟ್ಟಿಯ ತಳದಿಂದ ಒಂದು ಮುದುರಿದ, ಕಪ್ಪು ಮಚ್ಚೆಯ ಪುಟ್ಟ ಗಡ್ಡೆ ಗುನ್ವೋರಳ ಕೈಗೆ ಬಂತು.

"ಪಾಪ," ಎಂದುಬಿಟ್ಟಳು.

ಹಾಡು ನಿಂತಿತು. ಪತ್ರಿಕೆ ಕೆಳಗಿಳಿಯಿತು. ಇಬ್ಬರನ್ನೂ ನೋಡದೆ ಗುನ್ವೋರ್ ಮಚ್ಚೆಯನ್ನು ಚಾಕುವಿನ ತುದಿಯಿಂದ ತೆಗೆದು, ಗಡ್ಡೆಯನ್ನು ತೊಳೆದು ಪಾತ್ರೆಗೆ ಹಾಕಿ, ಮುಂದಿನದಕ್ಕೆ ಕೈ ಚಾಚಿದಳು.