ಕೈಪಂಪಿಗೆ ಮೂರು ಕಿಟಕಿ

ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಇದರ ಕೊನೆಯ ಭಾಗವನ್ನು ನನಗೆ ಮೊದಲು ಹೇಳಿದವರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಬಂಡಳ್ಳಿ ಕಡೆಯವರು. ಮೊದಲೆರಡನ್ನು ನಾನೇ ಉಂಡವನು.

ಅವರ ಬೀದಿಗೆಲ್ಲ ಇದ್ದದ್ದು ಒಂದೇ ಕೈಪಂಪು. ಅದು ಕೆಟ್ಟು, ಹೆಂಗಸರು ಕೊಡ ಹೊತ್ತು ಹೊಲದಾಚೆಯ ಬಾವಿಗೆ ಅಲೆಯುತ್ತಿದ್ದರು. ಅಕ್ಷರ ಬಲ್ಲ ಅಳಿಯನೆಂದು ಅರ್ಜಿ ಕೊಡುವ ಕೆಲಸ ಯಳಂದೂರಿನಲ್ಲಿದ್ದ ನನ್ನ ತಲೆ ಮೇಲೆ ಬಿತ್ತು.

ಪ್ರದಕ್ಷಿಣೆ

ಅರ್ಜಿ ಕೊಡಬೇಕಾಗಿದ್ದ ಕೊಳ್ಳೇಗಾಲದ ಕಚೇರಿಗೆ ಬಂದ ಹೊಸ ಸಾಹೇಬರು, ಕೆಲಸವೆಲ್ಲ ಹಂತಹಂತವಾಗಿ ನಡೆಯಬೇಕೆಂದು ಗೋಡೆಗೆ ಬಾಣಗಳ ಪಟ ಹಾಕಿಸಿದ್ದರು. ಒಂದನೇ ಕಿಟಕಿಯವರು, "ನಂಬರು ಎರಡನೇ ಕಿಟಕೀಲಿ" ಅಂದರು. ಎರಡನೆಯವರು, "ಮೂರರ ಸೀಲಿಲ್ಲದೆ ನಂಬರಿಲ್ಲ" ಅಂದರು. ಮೂರನೆಯವರು, "ನಂಬರಿಲ್ಲದೆ ಸೀಲು ಹೆಂಗೆ ಒತ್ಲಿ?" ಅಂದರು.

ಮಧ್ಯಾಹ್ನದವರೆಗೂ ಇದೇ. ಮೈ ಉರಿಯಿತು. "ಮಾದಪ್ಪನ ಗುಡೀಲೂ ಮೂರು ಸುತ್ತಿಗೆ ತೀರ್ಥ ಕೊಡ್ತಾರೆ ಸ್ವಾಮಿ" ಅಂದೆ.

ಮೂರನೆಯವರು ನಗದೆ ಸೀಲು ಒತ್ತಿದರು. "ಇಲ್ಲಿ ತೀರ್ಥ ಬರೋದು ತಡ ಆಯ್ತದೆ."

ವಾಪಸ್ ದಾರಿ

ತಡವಾಯಿತು, ಬರಲೇ ಇಲ್ಲ. ಕಾದು ಸಾಕಾಗಿ ಊರವರೇ ಹನೂರಿನಿಂದ ರಿಪೇರಿಯವನನ್ನು ಕರೆಸಿ ಪಂಪು ಸರಿಮಾಡಿಸಿಕೊಂಡರು. ಇನ್ನು ಆ ಅರ್ಜಿ ಉಳಿದರೆ ಸುಳ್ಳು ಹೇಳಿದಂತೆ ಎಂದು ನಾನು ಮತ್ತೆ ಬಸ್ಸು ಹತ್ತಿದೆ.

"ಪಂಪು ಸರಿಹೋಗದೆ ಸಾ. ಅರ್ಜಿ ವಾಪಸ್ ಕೊಟ್ಬುಡಿ."

ಗುಮಾಸ್ತರು ಗೋಡೆಯ ಪಟವನ್ನು ಮೇಲಿಂದ ಕೆಳಗೆ ನೋಡಿದರು. "ಹಿಂದಕ್ಕೆ ಬಾಣ ಇಲ್ವಲ್ಲ ಸ್ವಾಮಿ."

ತಪಾಸಣೆ

ಒಂದು ಸುಡುಬಿಸಿಲಲ್ಲಿ ಸಾಹೇಬರೇ ಜೀಪಿನಲ್ಲಿ ಅತ್ತೆಯ ಬೀದಿಗೆ ಬಂದರು.

"ಕೆಟ್ಟ ಪಂಪು ಎಲ್ಲಿ ಅಜ್ಜಿ?"

"ಇದೇಯಾ ಸಾ. ಈಗ ಚೆನ್ನಾಗದೆ."

"ಚೆನ್ನಾಗಿರೋದನ್ನ ನೋಡೋಕೆ ನಾನು ಬಂದಿಲ್ಲ. ಕೆಟ್ಟಿದ್ದನ್ನ ನೋಡಿ ಬರ್ಕೊಂಡ ಮೇಲೇ ರಿಪೇರಿ ಹಂತ."

ಜೊತೆಯವರಿಂದ ಪಂಪಿನ ಹಿಡಿ ಬಿಚ್ಚಿಸಿ, 'ಕೆಟ್ಟಿದೆ' ಎಂದು ಬರೆದುಕೊಂಡು, ಹಿಡಿಯನ್ನು ಜೀಪಿಗೆ ಹಾಕಿಸಿದರು. ಜೋಡಿಸುವವರು ಬೇರೆಯಂತೆ, ಮುಂದೆ ಬರುತ್ತಾರಂತೆ. ಹೆಂಗಸರು ಖಾಲಿ ಕೊಡ ಹಿಡಿದು ನಿಂತರು.

ಸಾಹೇಬರು ಬೆವರು ಒರೆಸಿಕೊಂಡು, "ಅಜ್ಜಿ, ಕುಡಿಯೋಕೆ ಒಂದು ಲೋಟ ನೀರು ಕೊಡಿ" ಅಂದರು.

ನೀರು ಕೇಳಿದವರಿಗೆ ಇಲ್ಲ ಅನ್ನುವುದು ಅತ್ತೆಗೆ ಪಾಪ. ಅವರು ಇಲ್ಲ ಅನ್ನಲಿಲ್ಲ. ನನ್ನ ಕಚೇರಿ ಪುರಾಣವನ್ನೆಲ್ಲ ಕೇಳಿದ್ದವರು, ಜಗಲಿ ಮೇಲೆ ನಿಧಾನವಾಗಿ ಕೂತುಕೊಂಡರು.

"ಕೊಡಾನ ಕನಪ್ಪ. ಅರ್ಜಿನ ಒಂದ್ನೇ ಕಿಟಕೀಲಿ ಕೊಟ್ಬುಟ್ಟು, ನಂಬರು ಆಕಿಸ್ಕೊಂಡು ಬಾ. ಲೋಟ ಮೂರ್ನೇ ಕಿಟಕೀಲದೆ."

ಡ್ರೈವರು ಮೊದಲು ನಕ್ಕವನು. ಅವನೇ ಹಿಡಿ ಇಳಿಸಿದ. ಜೋಡಿಸಿ, ಒತ್ತಿ, ನೀರು ಬಂದ ಮೇಲೆ ಅತ್ತೆ ಲೋಟ ತೊಳೆದು ತುಂಬಿಸಿ ಕೊಟ್ಟರು, ಜೊತೆಗೊಂದು ಚೂರು ಬೆಲ್ಲ.

ಯಾವುದಾದರೂ ಕಚೇರಿಯ ಜಗಲಿಯಲ್ಲಿ ಕಾದು ಕುಳಿತವರು ಸಿಕ್ಕರೆ ಇದನ್ನು ಹೇಳಿ. ಕಿಟಕಿಯ ಒಳಗಿದ್ದವರಿಗೂ ಕೇಳುವಂತೆ, ಸ್ವಲ್ಪ ಗಟ್ಟಿಯಾಗಿ ಹೇಳಿ.