ಬ್ಯಾಕಪ್ ಆಗ್ಯಾದ್ರಿ ಮೇಡಂ!

ನನ್ನ ಅನುಭವದಲ್ಲಿ ಯಂತ್ರ ಕೆಟ್ಟು ಬ್ಯಾಕಪ್ ನಿಂತದ್ದು ಕಡಿಮೆ, ಮನುಷ್ಯರು ಕೈಯಾಡಿಸಿ ನಿಂತದ್ದೇ ಹೆಚ್ಚು. ಇಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ, ವಾರಕ್ಕೊಮ್ಮೆಯಾದರೂ ನಾನು ಯಾರ ಮೇಲಾದರೂ ಹರಿಹಾಯುತ್ತೇನೆ. "ಈ ಮೇಡಂಗ ಸಿಟ್ಟು ಭಾಳ" ಎಂದು ರಾಯಚೂರಿನಲ್ಲಿ ನನಗೆ ಹೆಸರಿದೆ. ಹೌದು, ಭಾಳ. ಇದನ್ನೆಲ್ಲ ಕೇಳಿದ ಮೇಲೆ ನಿಮಗೂ ಸಿಟ್ಟು ಬರದಿದ್ದರೆ ನಿಮ್ಮ ತಾಳ್ಮೆಗೆ ದೊಡ್ಡ ನಮಸ್ಕಾರ.

ಕಂಪ್ಯೂಟರ್ ರಿಪೇರಿ, ಉಸ್ತುವಾರಿಯ ನನ್ನ ಅಂಗಡಿಗೊಬ್ಬ ದೊಡ್ಡ ಗಿರಾಕಿ ಇದ್ದಾರೆ, ಹತ್ತಿ ಸಾಹುಕಾರರು. ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು, ಮಾನ್ವಿಯಲ್ಲಿ ಹತ್ತಿ ಖರೀದಿ ಆಫೀಸು, ದೇವದುರ್ಗದಲ್ಲಿ ಬೀಜ-ಗೊಬ್ಬರದ ಅಂಗಡಿ. ಮೂರೂ ಕಡೆ ಒಂದೊಂದು ಸರ್ವರ್. ಸರ್ವರ್ ಎಂದರೆ ನೋಡಲಿಕ್ಕೆ ಒಂದೇ ಪೆಟ್ಟಿಗೆ, ಆದರೆ ಒಳಗೆ ಮೂರು ನಾಲ್ಕು ಕಂಪ್ಯೂಟರುಗಳು ವಠಾರದ ಬಾಡಿಗೆಯವರ ಹಾಗೆ ಬೇರೆ ಬೇರೆ ಸಂಸಾರ ಹೂಡಿರುತ್ತವೆ. ತೂಕಕ್ಕೊಂದು, ಬಿಲ್ಲಿಗೊಂದು, ಪಗಾರಕ್ಕೊಂದು. ಬ್ಯಾಕಪ್ ಹೊತ್ತಿಗೆ ಅವು ಆ ಕ್ಷಣ ಹೇಗಿವೆಯೋ ಹಾಗೇ ಹಿಡಿದಿಡುವುದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅದರಿಂದ ನಕಲು ತೆಗೆದು ಬೇರೆ ಜಾಗಕ್ಕೆ ಕಳಿಸಿ, ಆಮೇಲೆ ಸ್ನ್ಯಾಪ್‌ಶಾಟನ್ನು ಅಳಿಸಿಬಿಡಬೇಕು. ಅಳಿಸದೆ ಬಿಟ್ಟರೆ ಅದು ದಿನದಿನಕ್ಕೆ ಊದಿಕೊಂಡು ಇರುವ ಜಾಗವನ್ನೆಲ್ಲ ನುಂಗಿ ಹಾಕುತ್ತದೆ. ಇಷ್ಟು ತಿಳಿದರೆ ಸಾಕು. ಇಷ್ಟನ್ನೂ ತಿಳಿಯಲೊಲ್ಲದವರ ಕೈಯಲ್ಲಿ ನನ್ನ ಅನ್ನವಿದೆ.

ಈ ಸಲದ ಹತ್ತಿ ಸುಗ್ಗಿಯಲ್ಲಿ ಮೂರೂ ಕಡೆ ಬ್ಯಾಕಪ್ ಕೈಕೊಟ್ಟದ್ದು ಬಯಲಾಯಿತು. ಸಾಹುಕಾರರು ಕರೆಸಿ, "ಮೇಡಂ, ಈ ತಿಂಗಳದಾಗ ಮೂರೂ ಸರಿ ಮಾಡ್ರಿ. ಇಲ್ಲಾಂದ್ರ ಹೈದರಾಬಾದಿನ ಕಂಪನಿಯವ್ರು ತಯಾರ್ ಕುಂತಾರ" ಎಂದರು. ಅವರು ಬಿಟ್ಟುಹೋದರೆ ನಾನು ಅಂಗಡಿಯ ಶಟರ್ ಎಳೆದು ಮನೆಯಲ್ಲಿ ಕೂರಬೇಕು. ಸಿಟ್ಟು ನುಂಗಿಕೊಂಡು ಬಸ್ ಹತ್ತಿದೆ.

ಮಾನ್ವಿ: ಸೋಮವಾರದ ದರ

ಮಾನ್ವಿಯ ಸರ್ವರಿನಲ್ಲಿ ಸೂಜಿಮೊನೆಯಷ್ಟೂ ಜಾಗ ಉಳಿದಿರಲಿಲ್ಲ. ತೆರೆದು ನೋಡಿದರೆ ಪರದೆಯ ತುಂಬ ಸ್ನ್ಯಾಪ್‌ಶಾಟುಗಳು. ಒಂದರ ಹೆಸರು 'ಛಲೋ ದಿನ'. ಇನ್ನೊಂದು 'ಭಾಳ ಛಲೋ ದಿನ'. ಮತ್ತೊಂದು 'ಇದು ಅಳಿಸಬ್ಯಾಡ್ರಿ ಮೇಡಂ'.

"ಯಾರ್ರೀ ಇವನ್ನ ತೆಗೆದಿದ್ದು?" ಎಂದು ಕೂಗಿದೆ.

ಅಲ್ಲಿಯ ಮ್ಯಾನೇಜರು ಎದೆ ಉಬ್ಬಿಸಿಕೊಂಡು ಬಂದರು. "ನಾನೇ ರಿ. ಏನಾರ ಕೆಟ್ರ ಹಿಂದಿನ ದಿನಕ್ಕ ಹೋಗಾಕ ಬರ್ತದ ಅಂತ ನೀವೇ ಹೇಳಿದ್ರಲ್ಲ?"

"ಕೆಟ್ರ ಅಂದಿದ್ದೆ. ಈಗ ಏನು ಕೆಟ್ಟದ?"

"ದರ ಕೆಟ್ಟದ್ರಿ."

ಸೋಮವಾರ ಹತ್ತಿ ದರ ಇಳಿದಿತ್ತು, ಖರೀದಿಗೆ ಹೇಳಿ ಮಾಡಿಸಿದ ದಿನ. ಬುಧವಾರ ದರ ಏರಿತು. ಗುರುವಾರ ಬೆಳಿಗ್ಗೆ ಈ ಪುಣ್ಯಾತ್ಮರು ಯಾರನ್ನೂ ಕೇಳದೆ ತೂಕದ ಕಂಪ್ಯೂಟರನ್ನು ಹಿಡಿದು ಸೋಮವಾರಕ್ಕೆ ವಾಪಸ್ ಒಯ್ದಿದ್ದರು. ಮಂಗಳವಾರ, ಬುಧವಾರ ತೂಗಿದ್ದೆಲ್ಲ ಮಂಗಮಾಯ! ಅಷ್ಟೂ ತೂಕದ ಚೀಟಿಗಳನ್ನು ಅವರ ಮುಂದೆ ರಾಶಿ ಹಾಕಿ, ನಾನು ಬೆನ್ನ ಹಿಂದೆಯೇ ನಿಂತು, ಒಂದೊಂದಾಗಿ ಅವರಿಂದಲೇ ಮತ್ತೆ ಟೈಪ್ ಮಾಡಿಸಿದೆ. ಸ್ನ್ಯಾಪ್‌ಶಾಟುಗಳನ್ನೆಲ್ಲ ಅಳಿಸಿದೆ. 'ಇದು ಅಳಿಸಬ್ಯಾಡ್ರಿ ಮೇಡಂ' ಎನ್ನುವುದನ್ನು ಮೊದಲು ಅಳಿಸಿದೆ.

ಹೊರಡುವಾಗಲೂ ಸಿಟ್ಟು ಇಳಿದಿರಲಿಲ್ಲ. "ಅಲ್ರೀ, ಕಂಪ್ಯೂಟರ್ ಸೋಮವಾರಕ್ಕ ಹೋದ್ರ ದರಾನೂ ಹೋಗ್ತದೇನು?" ಎಂದೆ.

ಮ್ಯಾನೇಜರು ಅಂಗಳದಲ್ಲಿ ಸಾಲಾಗಿ ನಿಂತ ಹತ್ತಿ ಟ್ರ್ಯಾಕ್ಟರುಗಳ ಕಡೆ ಬೇಸರದಿಂದ ಕೈ ಮಾಡಿದರು. "ಕಂಪ್ಯೂಟರ್ ಹೇಳಿದ್ದು ಕೇಳ್ತು ನೋಡ್ರಿ ಮೇಡಂ. ಈ ರೈತರೇ ಸೋಮವಾರಕ್ಕ ಬರಾಕ ಒಲ್ಲೆ ಅಂತಾರ!"

ದೇವದುರ್ಗ: ಬೋಣಿಗಿ ಹೊತ್ತು

ದೇವದುರ್ಗದ ಅಂಗಡಿಯಲ್ಲಿ ನೆಟ್ ಬಂದ ದಿನವೇ ಹಬ್ಬ. ಹಾಗಾಗಿ ಅಲ್ಲಿಂದ ನನ್ನ ಮೊಬೈಲಿಗೆ ವರದಿ ತಾನಾಗಿ ಬರುವುದಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ನಾನೇ ಫೋನ್ ಮಾಡಿ ಅಲ್ಲಿಯ ಗುಮಾಸ್ತರನ್ನು ಕೇಳಬೇಕು. ಅವರು ಪರದೆಯಲ್ಲಿ ಹಸಿರು ಗುರುತಿದೆಯೋ ಕೆಂಪಿದೆಯೋ ನೋಡಿ ಹೇಳಬೇಕು.

"ಬ್ಯಾಕಪ್ ಆತೇನ್ರಿ?"

"ಆಗ್ಯಾದ್ರಿ ಮೇಡಂ!"

ಎಷ್ಟು ಗಟ್ಟಿ ದನಿ, ಎಷ್ಟು ಖುಷಿ! ಮಳೆಗಾಲದುದ್ದಕ್ಕೂ ಇದೇ ಉತ್ತರ. ಆಮೇಲೆ ಬಿಲ್ಲಿನ ಕಂಪ್ಯೂಟರ್ ಕೊನೆಯುಸಿರೆಳೆಯಿತು ಎಂದು ಸಾಹುಕಾರರು ನನ್ನ ಮೇಲೆ ರೇಗಿದರು. ಹೋಗಿ ನೋಡಿದರೆ ಮಳೆಗಾಲದ ಮೊದಲು ತೆಗೆದ ಸ್ನ್ಯಾಪ್‌ಶಾಟ್ ಹಾಗೇ ನೇತಾಡುತ್ತಿದೆ. ಅಲ್ಲಿಂದೀಚೆಗೆ ಒಂದು ದಿನವೂ ಬ್ಯಾಕಪ್ ಆಗಿಲ್ಲ.

ಗುಮಾಸ್ತರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ. "ನಾಚಿಕಿ ಆಗಂಗಿಲ್ಲೇನ್ರಿ? ದಿನಾ ಸುಳ್ಳು ಹೇಳೀರಲ್ಲ!"

ಅವರ ಮುಖ ಸಣ್ಣದಾಯಿತು. "ಸುಳ್ಳಲ್ರಿ. ನೀವು ಫೋನ್ ಮಾಡೂ ಹೊತ್ತಿಗಿ ನಮಗ ಇನ್ನಾ ಬೋಣಿಗಿ ಆಗಿರಂಗಿಲ್ಲ. ಮೊದಲ್ನೇ ಗಿರಾಕಿ ಬರೂ ಮೊದ್ಲ ಬಾಯಾಗ 'ಇಲ್ಲ' ಅಂತ ಬಂದ್ರ ದಿನಾ ಪೂರ್ತಿ ಇಲ್ಲೇ ಇಲ್ಲ ಆಗ್ತದ್ರಿ."

"ಹಂಗಾದ್ರ ಬೋಣಿಗಿ ಹೊತ್ತಿನ್ಯಾಗ ನಿಮ್ಮಲ್ಲಿ ಇರಲಾರದ ಬೀಜ ಕೇಳಿದ್ರ ಏನಂತೀರಿ?"

"'ಅದ, ಕುಂದರ್ರಿ' ಅಂತೀನಿ."

"ಆಮ್ಯಾಲೆ?"

"ಅವ್ರೇ ಬ್ಯಾಸತ್ತು ಎದ್ದು ಹೋಗ್ತಾರ."

ನಾನೂ ಹಾಗೇ ಎದ್ದು ಬಂದೆ. ಮರುದಿನ ಬೆಳಿಗ್ಗೆ ಫೋನ್ ಮಾಡಲಿಲ್ಲ. ಹಲ್ಲು ಕಚ್ಚಿ ಮಧ್ಯಾಹ್ನದವರೆಗೆ ಕಾದು, ಊಟದ ಹೊತ್ತಿಗೆ ಮಾಡಿದೆ. "ಬ್ಯಾಕಪ್ ಆತೇನ್ರಿ?"

"ಆಗಿಲ್ರಿ ಮೇಡಂ!" ಅದೇ ಗಟ್ಟಿ ದನಿ, ಅದೇ ಖುಷಿ. "ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನಾ ಆತ್ರಿ. ದಿನಾ ರಾತ್ರಿ ಕರೆಂಟ್ ಹೋದ ಕೂಡ್ಲೆ ಎಲ್ಲಾ ಬಂದ್. ಹೇಳಬೇಕಂತ ನಾಲಿಗಿ ತುದಿಗಿ ಬರ್ತಿತ್ರಿ, ನೀವು ನೋಡಿದ್ರ ಬರೇ ಮುಂಜಾನಿನೇ ಫೋನ್ ಮಾಡ್ತಿದ್ರಿ!"

ರಾಯಚೂರು: ಶುಕ್ರವಾರ

ನೇತಾಡುತ್ತಿದ್ದ ಸ್ನ್ಯಾಪ್‌ಶಾಟ್ ಅಳಿಸಿ ಬ್ಯಾಟರಿ ಬದಲಾಯಿಸಿದೆ, ದೇವದುರ್ಗ ಹಸಿರಾಯಿತು. ಮಾನ್ವಿ ಅದಾಗಲೇ ಸರಿಹೋಗಿತ್ತು. ಉಳಿದದ್ದು ರಾಯಚೂರಿನ ಮಿಲ್ಲು.

ಜಿನ್ನಿಂಗ್ ಮಿಲ್ಲಿಗೆ ಬೆಂಕಿಯ ಭಯ ಯಾವಾಗಲೂ ಇದ್ದದ್ದೇ. ಅದಕ್ಕೇ ಮಿಲ್ಲಿನ ನಕಲನ್ನು ದಿನಾ ಸಂಜೆ ಶಕ್ತಿನಗರದಲ್ಲಿರುವ ಸಾಹುಕಾರರ ತಮ್ಮನ ಮನೆಗೆ, ಅಲ್ಲಿಟ್ಟ ಇನ್ನೊಂದು ಪೆಟ್ಟಿಗೆಗೆ ಕಳಿಸುತ್ತೇವೆ. ಉಳಿದ ದಿನಗಳಲ್ಲಿ ಸರಾಗ. ಶುಕ್ರವಾರ ಮಾತ್ರ ಅರ್ಧಕ್ಕೇ ಹರಿದುಹೋಗುತ್ತದೆ. ಹರಿದದ್ದರ ಸ್ನ್ಯಾಪ್‌ಶಾಟ್ ಅಳಿಯದೆ ಉಳಿದು, ಶನಿವಾರ ತೂಕದ ಕಂಪ್ಯೂಟರ್ ತೆವಳುತ್ತದೆ. ಗೇಟಿನಾಚೆ ಲಾರಿಗಳ ಸಾಲು, ಗೇಟಿನೊಳಗೆ ಸಾಹುಕಾರರ ಬೈಗುಳ.

ಡಿಸ್ಕ್ ಬದಲಾಯಿಸಿದೆ. ಕೇಬಲ್ ಬದಲಾಯಿಸಿದೆ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ, ಅವರು ಕಾಯಿಸಿ ಹಾಕುವ ಸಂಗೀತ ಕೇಳಿ ಕೇಳಿ ಕಿವಿ ಬಿಸಿಯಾಯಿತು. ತಿಂಗಳ ಕೊನೆಯ ಶುಕ್ರವಾರ ಬಂತು. "ಇವತ್ತ ಫೇಲಾದ್ರ ನಾಳೆ ನೀವು ಬರೂದು ಬ್ಯಾಡ್ರಿ" ಎಂದು ಸಾಹುಕಾರರು ಕಡ್ಡಿ ಮುರಿದ ಹಾಗೆ ಹೇಳಿದರು. ಆ ಸಂಜೆ ನಾನು ಸರ್ವರ್ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಯಾವ ದೆವ್ವ ಬರುತ್ತದೋ ನೋಡೇಬಿಡೋಣ ಎಂದು.

ಬ್ಯಾಕಪ್ ಶುರುವಾಯಿತು. ಅರ್ಧ ದಾರಿ ಸುಖವಾಗಿ ಹೋಯಿತು. ಆಗ ಬಾಗಿಲು ತೆರೆಯಿತು. ಊದಿನಕಡ್ಡಿ ಹಿಡಿದು ಸಾಹುಕಾರರ ತಾಯಿ ಬಂದರು. ಮನೆ, ಮಿಲ್ಲು ಎರಡೂ ಒಂದೇ ಕಾಂಪೌಂಡಿನಲ್ಲಿ, ಅವರಿಗೆ ಬೇಡ ಎನ್ನುವವರು ಯಾರಿದ್ದಾರೆ? ಸರ್ವರಿಗೆ ಕುಂಕುಮ ಇಟ್ಟರು. ಊದಿನಕಡ್ಡಿ ಬೆಳಗಿದರು. ಆಮೇಲೆ ಬಹಳ ಮರ್ಯಾದೆಯಿಂದ ಹಿಂದೆ ಕೈ ಹಾಕಿ, ಶಕ್ತಿನಗರಕ್ಕೆ ಹೋಗುವ ವೈರನ್ನು ಕಿತ್ತು, ಕಣ್ಣಿಗೊತ್ತಿಕೊಂಡರು.

"ಯವ್ವಾ! ಏನ್ ಮಾಡಾಕತ್ತೀರಿ?" ನನ್ನ ಕಿರುಚಾಟಕ್ಕೆ ಊದಿನಕಡ್ಡಿಯ ಬೂದಿ ಉದುರಿತು.

"ಶುಕ್ರವಾರ ಅಲ್ಲೇನಬೇ? ಪ್ರತಿ ವಾರದಂಗ ನಾಳೆ ಮುಂಜಾನೆ ನಾನೇ ಮತ್ತ ಸಿಗಸ್ತೀನಿ" ಎಂದರು ಶಾಂತವಾಗಿ. "ದೀಪ ಹಚ್ಚಿದ ಮ್ಯಾಲ ನಾವು ಉಪ್ಪು ಸೈತ ಹೊರಗ ಕೊಡಂಗಿಲ್ಲ. ನೀ ನೋಡಿದ್ರ ಇಡೀ ಮಿಲ್ಲೇ ಸಣ್ಣ ಸೊಸಿ ಮನಿಗಿ ಕಳಸಾಕತ್ತೀದಿ. ಬೇರೆ ಆಗಿ ಹೋದಾಕಿ ಆಕಿ."

"ಮಿಲ್ಲು ಹೋಗಂಗಿಲ್ಲ ಯವ್ವಾ. ಹೋಗೂದು ನಕಲು. ಅಸಲು ಇಲ್ಲೇ ಇರ್ತದ."

"ಹೆಪ್ಪಿಗಿ ಒಂದು ಚಮಚ ಮೊಸರು ಕೊಟ್ರೂ ನಮ್ಮ ಗಡಿಗಿ ನಮ್ಮಲ್ಲೇ ಇರ್ತದ. ಅಂತ ಶುಕ್ರವಾರ ಕೊಡ್ತಾರೇನು?"

ಅಷ್ಟರಲ್ಲಿ ಮೊಬೈಲಿಗೆ ಕೆಂಪು ಮೆಸೇಜು ಬಂದಿತ್ತು, ನನಗೂ, ಸಾಹುಕಾರರಿಗೂ. ಅವರು ದಡದಡ ಬಂದರು. "ಮತ್ತ ಫೇಲಾತೇನ್ರಿ? ಯಾವನಂವ ಇದಕ್ಕ ಕೈ ಹಚ್ಚಿದಂವ, ಅವನ ಕೈ..." ಎನ್ನುವಷ್ಟರಲ್ಲಿ ತಾಯಿಯ ಕೈಯಲ್ಲಿ ವೈರ್ ಕಂಡಿತು.

ಗುಡುಗುತ್ತಿದ್ದ ಗಂಡಸು ಬೆಕ್ಕಿನ ಮರಿಯಾದರು. "ಯವ್ವಾ... ಚಾ ಕುಡದೇನು?" ಎಂದವರೇ ನನ್ನ ಕಡೆ ತಿರುಗಿ ಗದರಿದರು. "ಏನ್ ಮೇಡಂ, ಶುಕ್ರವಾರ ದೀಪದ ಹೊತ್ತಿಗಿ ಬ್ಯಾಕಪ್ ಇಡ್ತಾರೇನ್ರಿ? ನಿಮಗ ಇಷ್ಟೂ ತಿಳಿಯಂಗಿಲ್ಲೇನು? ಅದಕ್ಕೇ ಹೈದರಾಬಾದಿನವ್ರಿಗಿ ಕೊಡ್ತೀನಿ ಅಂದಿದ್ದು!"

ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಸರ್ವರ್ ಕೋಣೆಯ ಕೀಲಿಯನ್ನು ಅವರ ಮುಂದೆ ಕುಕ್ಕಿದೆ. "ಕೊಡ್ರಿ! ಈಗಿಂದೀಗ ಕೊಡ್ರಿ!"

"ತಡೀಬೇ" ಎಂದರು ಅಜ್ಜಿ. ಮಗನನ್ನು ಕೇಳಿದರು, "ಆ ಹೈದರಾಬಾದಿನವ್ರು ಇಲ್ಲಿಗಿ ಬಂದು ಕೆಲಸ ಮಾಡ್ತಾರೇನೋ?"

"ಇಲ್ಲ ಯವ್ವಾ. ಅವ್ರು ಅಲ್ಲೇ ಕುಂತು ಮಾಡ್ತಾರ. ನಕಲು ಅವ್ರಲ್ಲೇ ಇರ್ತದ."

"ಅಂದ್ರ ನನ್ನ ಮಿಲ್ಲು ಹೈದರಾಬಾದಿಗಿ ಹೋಗ್ತದ?" ಅಜ್ಜಿ ವೈರನ್ನು ಎದೆಗೆ ಅವಚಿಕೊಂಡರು. "ಅದಕ್ಕಿಂತ ಸಣ್ಣ ಸೊಸಿನೇ ವಾಸಿ ಅಲ್ಲೇನೋ ಮಬ್ಬ! ಈಕಿನ್ನ ಬಿಡಬ್ಯಾಡ. ಕೆಲಸ ಈಕಿದೇ. ಕೀಲಿ ಕೊಡು ಈಕಿಗಿ."

ಸಾಹುಕಾರರು ತೆಪ್ಪಗೆ ಕೀಲಿ ಎತ್ತಿ ನನ್ನ ಕೈಗಿಟ್ಟರು. ಕಂತ್ರಾಟು ಉಳಿಯಿತು. ಇದೇ ಸರಿಯಾದ ಸಮಯವೆಂದು ನಾನೂ ದನಿ ತಗ್ಗಿಸಿ ಕೈಚಾಚಿದೆ. "ಹಂಗಾದ್ರ ಆ ವೈರ್ ಕೊಡ್ರಿ ಯವ್ವಾ, ಹಾಕ್ತೀನಿ."

ಅಜ್ಜಿ ವೈರನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ಶುಕ್ರವಾರ ಏನೂ ಕೊಡಂಗಿಲ್ಲ ಅಂತ ಎಷ್ಟ ಸಲ ಹೇಳ್ಬೇಕಬೇ ನಿನಗ?"